ಕೊಕ್ಕೆಗೆ ವ್ಯಾಲ್ಯುಯೇಶನ್ ಇಲ್ಲ ಮಾಮಾ

ಚಿಂಚೋಳಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಫೆಬ್ರವರಿವರೆಗೆ ನಾನು ಅದರ ಮಾಲೀಕ, ಅಷ್ಟೇ. ಈಗ ಕೋ-ಫೌಂಡರ್. ಬೆಂಗಳೂರಿಂದ ಬಂದ ಅಕ್ಕನ ಮಗ ಚಹಾ ಕುಡಿಯುತ್ತಾ, "ಮಾಮಾ, ನಿಮ್ಮ ಆಧಾರ್ ಕಾರ್ಡ್ ಕೊಡ್ರಿ" ಅಂದ. ಕೊಟ್ಟೆ. ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ಕಾಳ್ಗಿಚ್ಚು ತಡೆಯುವ ಕಂಪನಿಯೊಂದರಲ್ಲಿ ಐದು ಪರ್ಸೆಂಟ್ ನನ್ನದಾಗಿತ್ತು.

ನಾನೇ ಯಾಕೆ ಅಂತ ಕೇಳಿದೆ. ಅವನು ಅರ್ಜಿ ಹಾಕಿದ್ದ ಸ್ಪರ್ಧೆಗೆ ಇಬ್ಬರು ಸ್ಥಾಪಕರು ಬೇಕಂತೆ. ಆಫೀಸು ಕಾಡಿನ ಹತ್ತಿರ ಇದ್ದರೆ ಮಾರ್ಕ್ಸ್ ಜಾಸ್ತಿಯಂತೆ. ಕಲಬುರಗಿ ಜಿಲ್ಲೆಯಲ್ಲಿ ಕಾಡು ಎಲ್ಲಿದೆ, ತೊಗರಿ ಹೊಲಕ್ಕೇ ಕಾಡು ಅಂತೀರಾ ಎಂದು ನಗುವವರಿಗೆ ಹೇಳುತ್ತೇನೆ: ಚಿಂಚೋಳಿ ವನ್ಯಜೀವಿಧಾಮ ಸುಮಾರು 135 ಚದರ ಕಿಲೋಮೀಟರ್ ಇದೆ. ಬೇಸಿಗೆಯಲ್ಲಿ ಅಲ್ಲಿನ ಎಲೆ ಹಪ್ಪಳದಂತೆ ಒಣಗಿರುತ್ತದೆ. ಒಂದು ಬೀಡಿ ತುಂಡು ಸಾಕು.

ಸ್ಪರ್ಧೆ ನಡೆದದ್ದು ಬೆಂಗಳೂರಿನಲ್ಲಿ. ಹಾಲ್‌ನಲ್ಲಿ ಎಸಿ ಎಷ್ಟಿತ್ತೆಂದರೆ ನಾನು ಶಾಲು ಹೊದ್ದುಕೊಂಡು ಬೆಂಕಿಯ ಬಗ್ಗೆ ಕೇಳಿದೆ. ಅಳಿಯನ ಮೊದಲ ಸ್ಲೈಡೇ ಕ್ಯಾಲಿಫೋರ್ನಿಯಾ. 2018ರ ನವೆಂಬರ್ 8ರಂದು ಪ್ಯಾರಡೈಸ್ ಅನ್ನೋ ಊರು ಸುಟ್ಟುಹೋಯಿತು, 85 ಜನ ಸತ್ತರು. ತೀರ್ಪುಗಾರರು ಚ್ ಚ್ ಅಂದರು. ಅದು ಹತ್ತಿಕೊಂಡದ್ದು ಹೇಗೆ ಅಂತ ಯಾರೂ ಕೇಳಲಿಲ್ಲ. ನಾನು ರೈಲಿನಲ್ಲೇ ಕೇಳಿ ತಿಳಿದುಕೊಂಡಿದ್ದೆ. ನೂರು ವರ್ಷದ ಹಳೇ ಕರೆಂಟ್ ಕಂಬ. ಅದರ ಮೇಲೆ ಸವೆದು ಸವೆದು ತೆಳ್ಳಗಾದ ಒಂದು ಕಬ್ಬಿಣದ ಕೊಕ್ಕೆ. ಅದು ಮುರಿಯಿತು, ತಂತಿ ಬಿತ್ತು.

"ಹಂಗಾದ್ರ ಕೊಕ್ಕಿ ಬದಲಿ ಮಾಡೋ ಕಂಪನಿ ತೆಗೀಬೇಕಿತ್ತಲ್ಲೋ" ಅಂದಿದ್ದೆ.

"ಕೊಕ್ಕಿಗಿ ವ್ಯಾಲ್ಯುಯೇಶನ್ ಇಲ್ಲ ಮಾಮಾ" ಅಂದಿದ್ದ. ವ್ಯಾಲ್ಯುಯೇಶನ್ ಅಂದರೆ ಹೂಡಿಕೆದಾರರು ಕಂಪನಿಗೆ ಕಟ್ಟುವ ಬೆಲೆಯಂತೆ.

ನಮ್ಮ ಕಂಪನಿ ಮಾಡೋದೇನು ಅಂತ ಈಗ ಹೇಳಿಬಿಡುತ್ತೇನೆ, ಐದು ಪರ್ಸೆಂಟಿನ ಋಣ ಇದೆ. ಆಕಾಶದಲ್ಲಿ ಉಪಗ್ರಹ ಹೋಗುತ್ತದೆ. ಬಿಸಿ ಕಂಡಲ್ಲಿ ಚುಕ್ಕಿ ಇಡುತ್ತದೆ. ಅಮೆರಿಕದ ನಾಸಾ ಆ ಚುಕ್ಕಿಗಳನ್ನು ಎಲ್ಲರಿಗೂ ಫ್ರೀಯಾಗಿ ಕೊಡುತ್ತದೆ. ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅದರಲ್ಲಿ ಕಾಡಿನವನ್ನು ಆರಿಸಿ, ಹೆಸರು ನೋಂದಾಯಿಸಿದವರ ಮೊಬೈಲಿಗೆ ಮೆಸೇಜೂ ಹಾಕುತ್ತದೆ. ಅದೂ ಫ್ರೀ. ನಾವು ಆ ಚುಕ್ಕಿಗೆ ಕೆಂಪು ಬಣ್ಣ ಹಚ್ಚಿ, ಮಿಣುಕಿಸಿ, ತಿಂಗಳ ಬಾಡಿಗೆಗೆ ಕೊಡುತ್ತೇವೆ. ಇದಕ್ಕೆ ಎಐ ಅಂತ ಹೆಸರು.

ಒಂದು ಚುಕ್ಕಿ ಅಂದರೆ 375 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 35 ಎಕರೆ. ಆ 35 ಎಕರೆಯಲ್ಲಿ ಬೆಂಕಿ ಯಾವ ಮೂಲೆಯಲ್ಲಿದೆ ಅಂತ ನಡೆದು ಹುಡುಕೋರು ಬೇರೆ. ಇನ್ನೊಂದು ಮಾತು, ಈ ಉಪಗ್ರಹ ನಮ್ಮ ತಲೆಯ ಮೇಲೆ ಬರೋದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆ ಆಸುಪಾಸು. ಬೆಂಕಿ ಹಚ್ಚೋರು ದಯವಿಟ್ಟು ಟೈಮ್ ನೋಡಿಕೊಂಡು ಹಚ್ಚಬೇಕು.

ಮೊದಲ ಅಲರ್ಟ್ ಬಂದದ್ದು ರಾತ್ರಿ. ಅಳಿಯ ಎದ್ದು ಕುಳಿತ. ಸೇಡಂ ಕಡೆ ಕೆಂಪು ಚುಕ್ಕಿ! ಮಳಖೇಡದಲ್ಲಿ ಚುಕ್ಕಿ! ವಾಡಿಯಲ್ಲಿ ಚುಕ್ಕಿ! ನಾನು ಮಗ್ಗುಲು ಬದಲಿಸಿ, "ಸಿಮೆಂಟ್ ಫ್ಯಾಕ್ಟರಿ ಅವು, ಮಲ್ಕೋ" ಅಂದೆ. ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆ, ಸುಡುವ ಆ ಗೂಡಿನೊಳಗೆ 1,400 ಡಿಗ್ರಿ ಇರುತ್ತದೆ. ನಾನು ಚಡ್ಡಿ ಹಾಕುವ ಕಾಲದಿಂದ ಉರಿಯುತ್ತಿರುವ ಬೆಂಕಿಯನ್ನು ನಮ್ಮ ಎಐ ಅವತ್ತು ಕಂಡುಹಿಡಿಯಿತು.

ಹಾಗಂತ ಯಂತ್ರವೆಲ್ಲ ಸುಳ್ಳು ಅಂತಲ್ಲ. ಜರ್ಮನಿಯಲ್ಲಿ ಮರಕ್ಕೆ ಕಟ್ಟುವ ಸೆನ್ಸರ್ ಮಾಡಿದ್ದಾರೆ, ಹೊಗೆಯಲ್ಲಿನ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಹಿಡಿಯುತ್ತದೆ. ಒಳ್ಳೆಯದೇ. ನಾವೂ ಅಂಥದ್ದೇ ಒಂದನ್ನು ಜೋಡಿಸಿ ಅಂಗಡಿ ಮುಂದೆ ತೂಗುಹಾಕಿದೆವು. ಪಕ್ಕದ ಮಿರ್ಚಿ ಭಜಿ ಬಂಡಿಯವನು ದಿನಾ ಸಂಜೆ ನಾಲ್ಕಕ್ಕೆ ಕಾಡು ಸುಡತೊಡಗಿದ.

ಮೇ ತಿಂಗಳಲ್ಲಿ ಡೆಮೊ ಇತ್ತು. ಡ್ರೋನ್ ಹಿಡಿದುಕೊಂಡು ಕಾಡಿನ ಅಂಚಿಗೆ ಹೋದೆವು. ಹೊರಗೆ 43 ಡಿಗ್ರಿ. ಅಳಿಯ ಬಟನ್ ಒತ್ತಿದ, ಅದು ಕುಂಯ್ ಅಂದು ಸುಮ್ಮನಾಯಿತು. ಬಾಕ್ಸ್ ತಿರುಗಿಸಿ ನೋಡಿದೆ. ಬಳಕೆಗೆ 40 ಡಿಗ್ರಿ ಒಳಗೆ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಬೆಂಕಿ ನೋಡಲು ಬಂದ ಯಂತ್ರಕ್ಕೆ ಬಿಸಿಲು ತಡೆಯಲಿಲ್ಲ. ಅರಣ್ಯ ಇಲಾಖೆಯವರು ಬೇಸಿಗೆಗೆಂದು ದಿನಗೂಲಿ ಮೇಲೆ ಇಟ್ಟುಕೊಂಡ ಫೈರ್ ವಾಚರ್ ಒಬ್ಬರು ಅಲ್ಲೇ ನಿಂತಿದ್ದರು. ಪಾಪ, ತಮ್ಮ ಟವೆಲ್ ನೀರಲ್ಲಿ ಅದ್ದಿ ಡ್ರೋನ್ ಮೇಲೆ ಹೊದಿಸಿದರು.

"ಸಾಹೇಬ್ರ, ನಿಮ್ಮ ಆ್ಯಪಿನಾಗ ನೀರು ಬರ್ತದೇನ್ರಿ?"

"ಇಲ್ಲ, ಅಲರ್ಟ್ ಬರ್ತದ" ಅಂದ ಅಳಿಯ.

"ಯಾರಿಗಿ?"

"ನಿಮಗೇ."

"ನನಗ್ಯಾಕ್ರಿ? ನಾನು ಅಲ್ಲೇ ಇರ್ತೀನಲ್ರಿ" ಅಂದರು. ಅವರ ಫೋನು ಬಟನ್ ಫೋನು, ಕಾಡಿನೊಳಗೆ ನೆಟ್‌ವರ್ಕೂ ಇರಲಿಲ್ಲ. ಕೈಯಲ್ಲಿ ಮೊಣಕಾಲುದ್ದದ ಹಸಿ ಟೊಂಗೆ. ಅದರ ತುದಿಯ ಎಲೆ ಅರ್ಧ ಕರಕಲಾಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಗುಡ್ಡದ ಹಿಂದೆ ಬೆಂಕಿ ಬಿದ್ದಿತ್ತಂತೆ. ನಾಲ್ಕು ಜನ ಸೇರಿ ಟೊಂಗೆಯಲ್ಲಿ ಬಡಿದು ಆರಿಸಿ, ಬುತ್ತಿ ಉಂಡು ಬಂದಿದ್ದರು. ಒಂದೂವರೆಗೆ ಉಪಗ್ರಹ ಬಂದಾಗ ಅಲ್ಲಿ ಏನೂ ಇರಲಿಲ್ಲ. ಚುಕ್ಕಿಯೂ ಬೀಳಲಿಲ್ಲ.

ಆ ರಾತ್ರಿ ಅಳಿಯ ಹೊಸ ಸ್ಲೈಡ್ ಮಾಡಿದ: "ನಮ್ಮ ನಿಗಾದಲ್ಲಿ ಈ ವಾರದ ಬೆಂಕಿ: 0." ಹೂಡಿಕೆದಾರರಿಗೆ ಕೊಡಲು ನಲವತ್ತು ಕಲರ್ ಪ್ರಿಂಟ್ ನನ್ನ ಅಂಗಡಿಯಲ್ಲೇ ತೆಗೆಸಿದ. ಬಿಲ್ಲು ಬಾಕಿ ಇದೆ. ಬಹುಮಾನವೂ ಬಂತು ಅನ್ನಿ. ರಟ್ಟಿನ ಚೆಕ್ಕು, ಬಾಗಿಲಿನಷ್ಟು ದೊಡ್ಡದು. ಮಧ್ಯಾಹ್ನದ ಬಿಸಿಲಿಗೆ ಮಷಿನ್ ಕಾಯಬಾರದು ಅಂತ ಪಡುವಣ ಕಿಟಕಿಗೆ ಆನಿಸಿದ್ದೇನೆ. ಅಸಲಿ ದುಡ್ಡು ಕಂತಿನಲ್ಲಿ ಬರುತ್ತದಂತೆ.

ಮೊನ್ನೆ ಅದೇ ವಾಚರ್ ಅಂಗಡಿಗೆ ಬಂದರು. ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಝೆರಾಕ್ಸ್ ಬೇಕಿತ್ತು, ಮೂರನೇ ಸಲ. ಪಗಾರಕ್ಕೆ ಮತ್ತೆ ಕೇಳಿದ್ದಾರಂತೆ. ಎರಡು ರೂಪಾಯಿ ತೆಗೆದರು, ನಾನು ಬೇಡ ಅಂದೆ. ಕಂಪನಿ ಖರ್ಚಿಗೆ ಬರೆದುಕೊಂಡೆ. ಕಂಪನಿ ಶುರುವಾದಾಗಿನಿಂದ ಬೆಂಕಿ ಆರಿಸಲು ನಾವು ಮಾಡಿದ ಖರ್ಚು ಇಲ್ಲಿಗೆ ಆರು ರೂಪಾಯಿ.