ಮನೆ ಬಿಡದೆಯೂ ಸಿಗಬೇಕಾದ ಆಸರೆ

ಕ್ಯಾಲಿಫೋರ್ನಿಯಾದ ತೆಹಚಾಪಿ ಎಂಬ ಸಣ್ಣ ಊರಿನಲ್ಲಿ ಸಹಪಾಠಿಗಳ ಕಾಟವನ್ನು ಬಹುಕಾಲ ಸಹಿಸಿದ್ದ ಸೇತ್ ಎಂಬ 13 ವರ್ಷದ ಗೇ ಹುಡುಗ 2010ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ. ಮರುವರ್ಷವೇ ಅವನ ಹೆಸರಿನಲ್ಲಿ ಒಂದು ಕಾನೂನು ಬಂತು. ಮಗುವೊಂದನ್ನು ಇತರರು ಗೋಳುಹೊಯ್ದುಕೊಳ್ಳುವುದು ಕಣ್ಣಿಗೆ ಬಿದ್ದರೆ, ತಮಗೆ ಅಪಾಯವಿಲ್ಲದಿದ್ದಾಗ, ಶಾಲೆಯ ಸಿಬ್ಬಂದಿ ನಡುವೆ ಬರಲೇಬೇಕು, ದೂರುಗಳನ್ನು ನಿಗದಿತ ಕಾಲದೊಳಗೆ ವಿಚಾರಿಸಬೇಕು ಎಂದು ಅದು ಹೇಳುತ್ತದೆ. ನಮ್ಮೂರಿನಲ್ಲಿ ನಾನು ಓದಿದ ಶಾಲೆಯಲ್ಲೋ, ಹಾಜರಿ ಕರೆಯುವಾಗ ಒಂಬತ್ತನೆಯ ಸಂಖ್ಯೆ ಬಂದರೆ ಸಾಕು, ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ನಡಿಗೆಯಲ್ಲೋ ಮಾತಿನಲ್ಲೋ ಕೊಂಚ ಮೆದುವಾಗಿದ್ದ ಹುಡುಗನ ಕಡೆ ಎಲ್ಲರ ಕಣ್ಣು ಹೊರಳುತ್ತಿತ್ತು. ಮೇಷ್ಟ್ರು ತಡೆಯುವುದಿರಲಿ, ಕೆಲವೊಮ್ಮೆ ತಾವೂ ಮುಗುಳ್ನಗುತ್ತಿದ್ದರು.

ಈಗ ನಾನಿರುವ ಅಮೆರಿಕದಲ್ಲಿ, ನನ್ನ ಮಗಳು ಹೋಗುವ ಹೈಸ್ಕೂಲಿನಲ್ಲಿ ಜಿಎಸ್‌ಎ (ಗೇ-ಸ್ಟ್ರೇಟ್ ಅಲೈಯನ್ಸ್) ಎಂಬ, ಎಲ್‌ಜಿಬಿಟಿಕ್ಯೂ ಮಕ್ಕಳೂ ಅವರ ಗೆಳೆಯರೂ ಸೇರುವ ಕೂಟವೊಂದಿದೆ. ಇಂಥ ಕೂಟಗಳಿಗೆ ಆ ಹೆಸರು ಬಂದದ್ದು 1988ರಲ್ಲಿ, ಮ್ಯಾಸಚೂಸೆಟ್ಸ್‌ನ ಒಂದು ಶಾಲೆಯಲ್ಲಿ. ಸರ್ಕಾರಿ ಶಾಲೆಗಳು ಇವುಗಳಿಗೆ ಸುಲಭವಾಗಿ ಬೇಡವೆನ್ನಲಾಗದಂತೆ ಕಾಯುತ್ತಿರುವುದು 1984ರ ಒಂದು ಅಮೆರಿಕದ ಕೇಂದ್ರ ಕಾಯಿದೆ. ಬೈಬಲ್ ಓದುವ ಮಕ್ಕಳ ಕೂಟಗಳಿಗೆ ಜಾಗ ಸಿಗಲೆಂದು ಧಾರ್ಮಿಕ ಗುಂಪುಗಳೇ ಪಟ್ಟುಹಿಡಿದು ಮಾಡಿಸಿದ ಕಾಯಿದೆ ಅದು ಎಂಬುದು ಇತಿಹಾಸದ ಕುಚೋದ್ಯ. ಕೂಟದಲ್ಲಿ ಮಹಾಕಾರ್ಯವೇನೂ ನಡೆಯುವುದಿಲ್ಲ. ಊಟದ ಬಿಡುವಿನಲ್ಲಿ ಒಂದು ತರಗತಿಯ ಬಾಗಿಲು ತೆರೆದಿರುತ್ತದೆ, ಟೀಚರೊಬ್ಬರು ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿರುತ್ತಾರೆ, ಮಕ್ಕಳು ಡಬ್ಬಿ ಬಿಚ್ಚಿಕೊಂಡು ಹೆಚ್ಚಾಗಿ ಗಣಿತದ ಟೆಸ್ಟಿನ ಬಗ್ಗೆಯೇ ಮಾತಾಡುತ್ತಾರೆ. ಆದರೂ ಕ್ಯಾಂಟೀನಿನಲ್ಲಿ ಯಾರ ಪಕ್ಕ ಕೂತರೆ ಏನು ಕೇಳಬೇಕಾಗುತ್ತದೋ ಎಂದು ಅಂಜುವ ಮಗುವಿಗೆ, ಹೋಗಿ ಕೂರಲು ಒಂದು ಜಾಗ ಮತ್ತು ತನ್ನನ್ನು ಬಲ್ಲ ಒಬ್ಬ ದೊಡ್ಡವರು ಇದ್ದಾರೆ ಎಂಬುದೇ ದೊಡ್ಡ ಬಲ.

ಹಾಗೆಂದು ಅಮೆರಿಕವನ್ನು ಹೊಗಳಲು ಹೊರಟವನಲ್ಲ ನಾನು. 988 ಎಂಬ ಆತ್ಮಹತ್ಯೆ ತಡೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ 3 ಒತ್ತಿದರೆ ಎಲ್‌ಜಿಬಿಟಿಕ್ಯೂ ಯುವಜನರಿಗೆಂದೇ ತರಬೇತಾದ ಸಲಹೆಗಾರರು ಸಿಗುತ್ತಿದ್ದರು. 2025ರ ಜುಲೈನಲ್ಲಿ ಸರ್ಕಾರ ಆ ವಿಶೇಷ ಸೌಲಭ್ಯವನ್ನು ನಿಲ್ಲಿಸಿತು. ಭಾರತದಲ್ಲೂ 2021ರಲ್ಲಿ ಟ್ರಾನ್ಸ್ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಸಿದ್ಧಪಡಿಸಿದ್ದ ಕೈಪಿಡಿ, ಆಕ್ಷೇಪ ಎದ್ದ ಕೆಲವೇ ದಿನಗಳಲ್ಲಿ ಜಾಲತಾಣದಿಂದ ಮಾಯವಾಯಿತು. ಸರ್ಕಾರ ಕೊಟ್ಟದ್ದನ್ನು ಸರ್ಕಾರವೇ ಹಿಂತೆಗೆದುಕೊಳ್ಳಬಲ್ಲದು. ಆದರೆ ಇಂಥ ಯುವಜನರಿಗಾಗಿ 1998ರಲ್ಲಿ ಹುಟ್ಟಿದ ಟ್ರೆವರ್ ಪ್ರಾಜೆಕ್ಟ್ ಎಂಬ ಅಮೆರಿಕದ ಖಾಸಗಿ ಸಂಸ್ಥೆ ತನ್ನದೇ ಸಹಾಯವಾಣಿಯನ್ನು ಈಗಲೂ ನಡೆಸುತ್ತಿದೆ. ಬೆಂಗಳೂರಿನ ‘ಗುಡ್ ಆ್ಯಸ್ ಯೂ’ ಎಂಬ ಎಲ್‌ಜಿಬಿಟಿಕ್ಯೂ ಜನರ ಬಳಗ 1994ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಂ ಇನ್ನೂ ತಲೆಯ ಮೇಲೆ ತೂಗುತ್ತಿದ್ದಾಗಲೇ ಆರಂಭವಾಗಿತ್ತು. ಕಾನೂನು ಬೇಕೇ ಬೇಕು. ಅದು ಅಲುಗಾಡಿದ ದಿನ ಮಗುವಿನ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ.

ಆಸರೆ ನಮ್ಮ ನಾಡಿಗೆ ಹೊಸದಲ್ಲ. ಹರೆಯದಲ್ಲಿ ಆತ್ಮಹತ್ಯೆಗೆ ಯತ್ನಿಸಿದ್ದಾಗಿ ಸ್ವತಃ ಹೇಳಿಕೊಂಡಿರುವ ಮಂಜಮ್ಮ ಜೋಗತಿಯವರಿಗೆ ಬದುಕು ಕಟ್ಟಿಕೊಟ್ಟದ್ದು ಜೋಗತಿಯರ ಬಳಗ ಮತ್ತು ಅವರ ಕಲೆ; ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀಯನ್ನೂ ಪಡೆದರು. ಆದರೆ ನಮ್ಮ ಈ ಆಸರೆ ಸಿಗುವುದು ಬಹುಮಟ್ಟಿಗೆ ಹೆತ್ತವರ ಮನೆ ತಪ್ಪಿದ ಮೇಲೆ. ಅಮೆರಿಕದ ಪಿಫ್ಲ್ಯಾಗ್ ಎಂಬ ಪೋಷಕರ ಸಂಘಟನೆ ಹಿಡಿದದ್ದು ಬೇರೆ ದಾರಿ: ಜೀನ್ ಮ್ಯಾನ್‌ಫರ್ಡ್ ಎಂಬ ತಾಯಿ ತನ್ನ ಗೇ ಮಗನ ಜೊತೆ 1972ರಲ್ಲಿ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ನಡೆದು, ಮರುವರ್ಷ ತನ್ನಂಥ ಅಪ್ಪ ಅಮ್ಮಂದಿರನ್ನು ಕೂಡಿಸಿದರು. ಭಾರತದಲ್ಲಿ ‘ಸ್ವೀಕಾರ್’ ಎಂಬ ಪೋಷಕರ ಬಳಗ ಇದೇ ಕೆಲಸ ಮಾಡುತ್ತಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು ಗೇ, ಲೆಸ್ಬಿಯನ್, ಬೈಸೆಕ್ಷುವಲ್ ಯುವಜನರ ಬಗ್ಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡವರು, ತಿರಸ್ಕಾರವನ್ನು ಅಷ್ಟಾಗಿ ಕಾಣದವರಿಗಿಂತ 8.4 ಪಟ್ಟು ಹೆಚ್ಚಾಗಿ ಆತ್ಮಹತ್ಯೆಗೆ ಯತ್ನಿಸಿದ್ದು ಕಂಡುಬಂತು. ಆತ್ಮಹತ್ಯೆಗೆ ಒಂದೇ ಕಾರಣವೆಂದು ಹೇಳಲಾಗದು. ಆದರೆ ಮಗುವಿನ ಮೇಲೆ ಭಾರ ಹೇರುವವರೂ ಅದನ್ನು ಇಳಿಸಬಲ್ಲವರೂ ಒಂದೇ ಮನೆಯಲ್ಲಿರಬಹುದು ಎಂಬುದನ್ನು ಈ ಲೆಕ್ಕ ಎತ್ತಿ ತೋರಿಸುತ್ತದೆ.

ಇಲ್ಲಿನ ಕನ್ನಡಿಗರ ಮೇಲೆ ನನಗೆ ತಕರಾರಿರುವುದು ಇಲ್ಲಿಯೇ. ನಮ್ಮ ಮಕ್ಕಳು ಶಾಲೆಯಲ್ಲಿ ಹೇಳಿಕೊಳ್ಳಬಲ್ಲದ್ದನ್ನು ನಮ್ಮ ಮುಂದೆ ಹೇಳಿಕೊಳ್ಳಲಾರರು. ರಾಜ್ಯೋತ್ಸವದ ಕಿರುನಾಟಕದಲ್ಲಿ ಈಗಲೂ ಒಬ್ಬ ಗಂಡಸು ಸೀರೆಯುಟ್ಟು ಸೊಂಟ ಕುಣಿಸುತ್ತಾನೆ, ಸಭೆ ಬಿದ್ದು ಬಿದ್ದು ನಗುತ್ತದೆ, ಗೋಡೆಗೊರಗಿ ಫೋನು ನೋಡುತ್ತಿರುವ ಹದಿಹರೆಯದವರು ಅಪ್ಪ ಅಮ್ಮ ಯಾವುದಕ್ಕೆ ನಕ್ಕರೆಂಬುದನ್ನು ಗಮನಿಸಿಯೇ ಇರುತ್ತಾರೆ. ನನ್ನ ಬಿನ್ನಹ ಸಣ್ಣದು. ಅಂಥ ಪ್ರಹಸನವನ್ನು ಕೈಬಿಡೋಣ. ಮಗು ಹೇಳಿಕೊಂಡ ದಿನ ಅಪ್ಪನಿಗೆ ಸಿಟ್ಟು ಬಂದರೆ, ‘ನಾಲ್ಕು ದಿನ ನಮ್ಮಲ್ಲಿರಲಿ ಬಿಡಣ್ಣ’ ಎನ್ನುವ ಚಿಕ್ಕಪ್ಪನೋ ಅತ್ತೆಯೋ ನಾವಾಗೋಣ; ಜೊತೆಗೆ, ಮಗುವಿನ ಒಪ್ಪಿಗೆಯಿಲ್ಲದೆ ಆ ಸಂಗತಿಯನ್ನು ಊರಿನ ಅಜ್ಜಿಯವರೆಗೆ ಮುಟ್ಟಿಸದಿರೋಣ. ಊರಿನಲ್ಲಿರುವ ಮಗು ಬದುಕೇ ಬೇಡವೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಕರೆ ಮಾಡಿ, ಇಲ್ಲಿ 988ಕ್ಕೆ; ಕರೆ ಮುಗಿದ ಮೇಲೂ ಮಗುವಿನ ಜೊತೆಯಲ್ಲೇ ಇರಿ. ಪೋಷಕರ ಬಳಗಕ್ಕೆ ಹಬ್ಬದ ದಿನ ಒಂದು ಮೇಜು ಕೊಡಿ ಎಂದು ಕೇಳಿದಾಗ, ‘ಇದು ಫ್ಯಾಮಿಲಿ ಕಾರ್ಯಕ್ರಮ ಅಲ್ವಾ ಸಾರ್’ ಎಂದು ಇಲ್ಲಿನ ಕನ್ನಡ ಸಂಘದ ಪದಾಧಿಕಾರಿಯೊಬ್ಬರು ಹಿಂಜರಿದರು. ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಒದ್ದಾಡುತ್ತಿರುವ ಅಪ್ಪ ಅಮ್ಮಂದಿರಿಗೆ ಫ್ಯಾಮಿಲಿ ಕಾರ್ಯಕ್ರಮದಲ್ಲಲ್ಲದೆ ಇನ್ನೆಲ್ಲಿ ಮೇಜು ಹಾಕಿಸಬೇಕು ಎಂಬುದಕ್ಕೆ ಅವರಿಂದ ಇನ್ನೂ ಉತ್ತರ ಬಂದಿಲ್ಲ.