ನಾನು ಮಾರಿದರೆ ಸವೆದ ನಾಣ್ಯ, ಅವನು ಮಾರಿದರೆ ಅಪರೂಪದ ರತ್ನ!

ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿಯ ಪೆಟ್ಟಿಗೆಯಲ್ಲಿ ಒಂಬತ್ತು ಬೆಳ್ಳಿ ರೂಪಾಯಿ ಇದ್ದವು. ಎಂಟರಲ್ಲಿ ಬ್ರಿಟಿಷ್ ರಾಜ ಏಳನೇ ಎಡ್ವರ್ಡ್, ಒಂದರಲ್ಲಿ ಮಾತ್ರ ಅವನ ನಂತರದ ರಾಜ ಐದನೇ ಜಾರ್ಜ್, ಇಸವಿ 1911. ನಾಣ್ಯದ ಹುಚ್ಚು ಇರುವವರಿಗೆ 1911 ಅಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಹಂದಿ ರೂಪಾಯಿ! ರಾಜನ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆ ಇದೆ. ಅದರ ಸೊಂಡಿಲು ಎಷ್ಟು ಮೊಂಡು ಅಂದರೆ ಜನ ಅದನ್ನು ಹಂದಿ ಅಂದುಕೊಂಡು ಗಲಾಟೆ ಎಬ್ಬಿಸಿದರು. 94 ಲಕ್ಷ ಅಚ್ಚು ಹಾಕಿದ್ದರಂತೆ, ಹೊರಗೆ ಬಿಟ್ಟಿದ್ದು ಸುಮಾರು 7 ಲಕ್ಷ, ಉಳಿದದ್ದೆಲ್ಲ ಕರಗಿಸಿ 1912ರಲ್ಲಿ ಸರಿಯಾದ ಸೊಂಡಿಲಿನ ಆನೆ ತಂದರು. ಅದಕ್ಕೇ ಇದಕ್ಕೆ ಬೆಲೆ.

ಕೈ ಬಿಗಿಯಾಗಿತ್ತು, ಅದೊಂದನ್ನು ತೆಗೆದುಕೊಂಡು ಒಬ್ಬ ವ್ಯಾಪಾರಿಯ ಹತ್ತಿರ ಹೋದೆ. ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಐದು ನಿಮಿಷ ನೋಡಿದ. ಮುಖ ಹುಳ್ಳಗೆ ಮಾಡಿದ. "ಉಜ್ಜಿಬಿಟ್ಟಿದ್ದೀರಲ್ಲ ಸಾರ್, ಹಾಳಾಯಿತು. ಆನೆ ಬೇರೆ ಸವೆದಿದೆ. ಇದು ಫೈನ್ ಅಷ್ಟೇ." ಈ ಫೈನ್ ಅನ್ನೋದು ಇನ್ನೊಂದು ಮೋಸ ನೋಡಿ. ಹೆಸರು ಕೇಳಿದರೆ ಚೆನ್ನಾಗಿದೆ ಅನ್ನಿಸುತ್ತದೆ, ಇವರ ಭಾಷೆಯಲ್ಲಿ ಅದರರ್ಥ ಚೆನ್ನಾಗಿ ಸವೆದಿದೆ ಅಂತ.

ಉಜ್ಜಿದ್ದು ನಿಜ, ಸುಳ್ಳು ಹೇಳಲ್ಲ. ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಇಡುವ ಮುಂಚೆ ಅಜ್ಜಿ ಆ ರೂಪಾಯಿಗಳನ್ನು ವಿಭೂತಿ ಹಾಕಿ ತಿಕ್ಕುತ್ತಿದ್ದಳು, ಆಮೇಲೆ ಅಮ್ಮ ತಿಕ್ಕಿದಳು. ಬೆಳ್ಳಿ ಕಪ್ಪಾದರೆ ತಿಕ್ಕದೆ ಏನು ಮಾಡುತ್ತಾರೆ? ಆ ಕಪ್ಪಿಗೇ ಸಂಗ್ರಾಹಕರು ಜಾಸ್ತಿ ದುಡ್ಡು ಕೊಡುತ್ತಾರೆ ಅಂತ ಅವರಿಗೇನು ಕನಸು ಬಿದ್ದಿತ್ತಾ? ಸರಿ, ತಪ್ಪು ನಮ್ಮದೇ ಅಂದುಕೊಂಡು ಅವನು ಕೊಟ್ಟ 2,000 ತೆಗೆದುಕೊಂಡು ಬಂದೆ. ಅದರಲ್ಲಿ ಹತ್ತೂವರೆ ಗ್ರಾಂಗಿಂತ ಜಾಸ್ತಿ ಶುದ್ಧ ಬೆಳ್ಳಿಯೇ ಇದೆ. ಬರೀ ಬೆಳ್ಳಿಯ ಬೆಲೆ ಕಳೆದರೆ 1911ಕ್ಕೆ ಅಂತ ಸಿಕ್ಕಿದ್ದೆಷ್ಟು, ನೀವೇ ಲೆಕ್ಕ ಹಾಕಿ.

ಮೂರು ವಾರ ಆಗಿತ್ತು. ಒಂದು ನಾಣ್ಯ ಪ್ರದರ್ಶನಕ್ಕೆ ಸುಮ್ನೆ ಹೋಗಿದ್ದೆ. ಅದೇ ಪುಣ್ಯಾತ್ಮನ ಮೇಜು, ಗಾಜಿನ ಕೆಳಗೆ ನನ್ನ ರೂಪಾಯಿ! ನನ್ನದೇ. 'ಎಂಪರರ್' ಅನ್ನೋ ಅಕ್ಷರಗಳ ಪಕ್ಕ ಅಂಚಿಗೆ ಒಂದು ಸಣ್ಣ ಪೆಟ್ಟು ಇದೆ, ಚಿಕ್ಕವನಾಗಿದ್ದಾಗಿನಿಂದ ಉಗುರಿನಲ್ಲಿ ಸವರಿದ ಪೆಟ್ಟು, ನನಗೆ ಗುರುತು ಸಿಗಲ್ವಾ? ಪಕ್ಕದ ಚೀಟಿಯಲ್ಲಿ ಇ.ಎಫ್., ಅಂದರೆ ಎಕ್ಸ್‌ಟ್ರೀಮ್ಲಿ ಫೈನ್, ಸವೆದಿರೋದು ತೀರಾ ಕಡಿಮೆ ಅಂತ. ಅದರ ಕೆಳಗೆ 'ಟಂಕಸಾಲೆಯ ಮೂಲ ಹೊಳಪು'. ಬೆಲೆ 7,500.

ಮೂಲ ಹೊಳಪಂತೆ! ಅಯ್ಯಾ, ಅದು ನಮ್ಮಜ್ಜಿಯ ವಿಭೂತಿ!

ನಾಣ್ಯ ಎಷ್ಟು ಸವೆದಿದೆ ಅಂತ ನೋಡಿ 1ರಿಂದ 70ರವರೆಗೆ ಅಂಕಿ ಕೊಡುವ ಒಂದು ಅಳತೆ ಇದೆ. ಆ ಎಪ್ಪತ್ತರ ಅಳತೆಯಲ್ಲಿ ಫೈನ್ ಅಂದರೆ 12ರಿಂದ 15, ಇ.ಎಫ್. ಅಂದರೆ 40ರಿಂದ 45. ನೂರು ವರ್ಷದಲ್ಲಿ ಸವೆದ ಆನೆ ಮೂರೇ ವಾರದಲ್ಲಿ ಮೈ ತುಂಬಿಕೊಂಡಿತಾ? ಕೇಳಿಯೇಬಿಟ್ಟೆ. ನಕ್ಕ. "ಗ್ರೇಡಿಂಗ್ ಅನ್ನೋದು ಅವರವರ ಕಣ್ಣು ಸಾರ್" ಅಂದ. ಹೌದಪ್ಪ, ಕೊಳ್ಳುವಾಗ ಒಂದು ಕಣ್ಣು, ಮಾರುವಾಗ ಇನ್ನೊಂದು.

ನಾಣ್ಯ ಪರೀಕ್ಷಿಸಿ ಅಂಕಿ ಕೊಡುವ ಅಮೆರಿಕದ ಕಂಪನಿಗೆ ಕಳಿಸಿ ಡಬ್ಬಿಯಲ್ಲಿ ಸೀಲ್ ಮಾಡಿಸಬೇಕಿತ್ತು ಅಂತ ಈಗ ಬುದ್ಧಿ ಹೇಳುವವರಿಗೆ ಒಂದು ಮಾತು. ಪಿಸಿಜಿಎಸ್, ಎನ್‌ಜಿಸಿ ಅನ್ನೋ ಅಂಥ ಎರಡೂ ಕಂಪನಿ ನನಗೂ ಗೊತ್ತು. ಅವರ ಶುಲ್ಕ, ಅಂಚೆ, ವಿಮೆ ಎಲ್ಲ ಸೇರಿದರೆ ಒಂದು ನಾಣ್ಯ ಇರುವವನಿಗೆ ಉಳಿಯೋದೇನು? ಇಷ್ಟಾದ ಮೇಲೂ ಉಜ್ಜಿದ ನಾಣ್ಯಕ್ಕೆ ಅವರು ಅಂಕಿ ಕೊಡಲ್ಲ, 'ಡೀಟೇಲ್ಸ್' ಅಂತ ಬರೆದು ವಾಪಸ್ ಕಳಿಸುತ್ತಾರೆ.

ಅಂದ ಹಾಗೆ, ಈ ಎಪ್ಪತ್ತರ ಅಳತೆ ಹುಟ್ಟಿಸಿದವನು ವಿಲಿಯಂ ಶೆಲ್ಡನ್, 1949ರಲ್ಲಿ, ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗೆ ಅಂತ. ಆ ಮಹಾಶಯ ನ್ಯೂಯಾರ್ಕಿನ ನಾಣ್ಯ ಸಂಘದ ಸಂಗ್ರಹದಿಂದ ಒಳ್ಳೆಯ ಸೆಂಟ್‌ಗಳನ್ನು ಎತ್ತಿಕೊಂಡು ಆ ಜಾಗಕ್ಕೆ ಕಳಪೆಯವನ್ನು ಇಟ್ಟಿದ್ದು ಆಮೇಲೆ ಬಯಲಾಯಿತು. ಗುರುವೇ ಹೀಗಿದ್ದರೆ ನಮ್ಮ ಊರಿನ ಶಿಷ್ಯನನ್ನು ಏನಂತ ಬೈಯೋದು!

ಪ್ರದರ್ಶನದಿಂದ ಹೊರಡುವಾಗ ವ್ಯಾಪಾರಿ ಆಸಾಮಿ ಕಾರ್ಡ್ ಬೇರೆ ಕೈಗಿಟ್ಟ. "ಮನೆಯಲ್ಲಿ ಬೇರೆ ಇದ್ದರೆ ತನ್ನಿ ಸಾರ್, ಒಳ್ಳೆ ರೇಟ್ ಕೊಡುತ್ತೇನೆ."

ಎಂಟು ಇವೆ. ಈ ಸಲದ ಹಬ್ಬಕ್ಕೂ ವಿಭೂತಿ ಹಾಕಿ ಗಸಗಸ ತಿಕ್ಕಿಸುತ್ತೇನೆ.