ಕೈ ಕೆಳಗೆ ಎಷ್ಟು ಜನ?

ಮೊನ್ನೆ ಡಿಸೆಂಬರಿನಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆ. ಎರಡನೇ ಪಂಕ್ತಿಯಲ್ಲಿ ಚಿಕ್ಕಪ್ಪನ ಪಕ್ಕ ಎಲೆ ಸಿಕ್ಕಿತು. ಕೋಸಂಬರಿ ಬಿತ್ತು, ಪಲ್ಯ ಬಿತ್ತು, ಅನ್ನ ಬೀಳುವಷ್ಟರಲ್ಲಿ ಪ್ರಶ್ನೆಯೂ ಬಿತ್ತು.

"ಇನ್ನೂ ಅದೇ ಕೆಲಸವೇನೋ?"

"ಅದೇ ಚಿಕ್ಕಪ್ಪ. ಪೇಪರ್ ಮಿಲ್ಲಿನ ಮೆಷಿನ್ ಕಂಟ್ರೋಲು."

"ಕೈ ಕೆಳಗೆ ಎಷ್ಟು ಜನ ಇದಾರೆ?"

"ಯಾರೂ ಇಲ್ಲ. ಹೊಸ ಹುಡುಗರು ಇಬ್ಬರು ಬಂದಿದಾರೆ, ಅವರಿಗೆ ಕಲಿಸ್ತಾ ಇದೀನಿ."

"ಹದಿನಾಲ್ಕು ವರ್ಷ ಆಯ್ತಲ್ಲೋ!" ಎಂದವರೇ ಸಾರಿನವನನ್ನು ಕೂಗಿದರು. ಆಚೆ ಎಲೆಯವರು ಸ್ವಲ್ಪ ಬಗ್ಗಿ ನನ್ನ ಮುಖ ನೋಡಿ, ಏನೋ ಅರ್ಥವಾದವರಂತೆ ಮತ್ತೆ ಊಟಕ್ಕೆ ತೊಡಗಿದರು. ಹೋಳಿಗೆ ಎರಡನೇ ಸಲ ಬಂದಾಗ ನಾನು ಬೇಡವೆಂದೆ. ಹಾಗನ್ನುವುದು ನನ್ನ ಜಾಯಮಾನವೇ ಅಲ್ಲ.

ನಾನಿರುವುದು ವಿಸ್ಕಾನ್ಸಿನ್‌ನ ಆಪಲ್ಟನ್‌ನಲ್ಲಿ. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ವಾಸನೆಯಲ್ಲಿ ಬೆಳೆದವನು, ಇಲ್ಲಿ ಫಾಕ್ಸ್ ನದಿಯ ದಂಡೆಯಲ್ಲಿ ಅದೇ ವಾಸನೆಗೆ ಬಂದು ಬಿದ್ದೆ. ಕಾರಿನಲ್ಲಿ ಅರ್ಧ ಗಂಟೆ ಹೋದರೆ ಗ್ರೀನ್ ಬೇ. ಊರಿನ ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ, ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ 80 ಸಾವಿರಕ್ಕೂ ಹೆಚ್ಚು ಆಸನ. 1919ರಲ್ಲಿ ಶುರುವಾದ ಪ್ಯಾಕರ್ಸ್ ತಂಡಕ್ಕೆ ಒಬ್ಬ ಧಣಿ ಅಂತ ಇಲ್ಲ, 5 ಲಕ್ಷಕ್ಕೂ ಹೆಚ್ಚು ಸಾಮಾನ್ಯ ಜನ ಷೇರುದಾರರು. ಇಲ್ಲಿ ಭಾನುವಾರ ಮಧ್ಯಾಹ್ನ ಯಾರನ್ನೂ ಮನೆಗೆ ಕರೆಯಬಾರದು ಅನ್ನುವುದನ್ನು ನಾವು ಮೊದಲ ವರ್ಷ ಸತ್ಯನಾರಾಯಣ ಪೂಜೆ ಇಟ್ಟುಕೊಂಡು ಕಲಿತೆವು. ಪ್ರಸಾದ ಒಂದು ವಾರ ನಾವೇ ತಿಂದೆವು.

ಊರಿಂದ ವಾಪಸ್ ಬಂದ ಮೇಲೆ, ಆ ಪ್ರಶ್ನೆ ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿದ್ದ ಹೊತ್ತಿನಲ್ಲಿ, ನನಗೆ ಟಾಮ್ ಕ್ಲೆಮೆಂಟ್ಸ್ ಎಂಬ ಮುದುಕರ ನೆನಪಾಯಿತು. 2025ರ ಜನವರಿಯಲ್ಲಿ, 71ನೇ ವಯಸ್ಸಿನಲ್ಲಿ, ಪ್ಯಾಕರ್ಸ್‌ನಿಂದ ನಿವೃತ್ತರಾದವರು. ಅವರ ಹುದ್ದೆ ಕ್ವಾರ್ಟರ್‌ಬ್ಯಾಕ್ ಕೋಚ್. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡನ್ನು ಕೈಯಲ್ಲಿ ಎಸೆದು ತಂಡದ ಆಟ ನಡೆಸುವವನು.

ಅಮೆರಿಕದ ಫುಟ್‌ಬಾಲ್ ತಂಡದಲ್ಲಿ 53 ಆಟಗಾರರು, ಒಂದು ದಂಡು ಕೋಚ್‌ಗಳು. ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಕೋಚ್ ಪಾಲಿಗೆ ಬರುವ ಆಟಗಾರರು ಇಬ್ಬರು, ಹೆಚ್ಚೆಂದರೆ ಮೂವರು. ಚಿಕ್ಕಪ್ಪನ ಲೆಕ್ಕದಲ್ಲಿ ಹೇಳುವುದಾದರೆ ಕೈ ಕೆಳಗೆ ಮೂರು ಜನ. ಅದರಲ್ಲೂ ಮೈದಾನಕ್ಕೆ ಇಳಿಯುವವನು ಒಬ್ಬನೇ, ಮಿಕ್ಕವರು ಟೋಪಿ ಹಾಕಿಕೊಂಡು ಪಕ್ಕದಲ್ಲಿ ನಿಲ್ಲುವವರು.

ಆ ಒಬ್ಬನಿಗೆ ಕಲಿಸುವುದೇನು ಅಂದರೆ, ಮುಖ್ಯವಾಗಿ ಕಾಲು. ಎಸೆಯುವುದು ಕೈಯಾದರೂ ಗುರುಗಳ ಕಣ್ಣೆಲ್ಲ ಕಾಲಿನ ಮೇಲೆ. ಚೆಂಡು ಕೈಗೆ ಬಂದೊಡನೆ ಹಿಂದಕ್ಕೆ ಮೂರು ಹೆಜ್ಜೆಯೋ ಐದೋ ಏಳೋ, ಕೊನೆಯ ಹೆಜ್ಜೆ ಊರುವ ಹೊತ್ತಿಗೆ ಕಣ್ಣು, ಚೆಂಡು ಹಿಡಿಯಲು ಓಡುವವರಲ್ಲಿ ಮೊದಲನೆಯವನನ್ನು ಬಿಟ್ಟು ಎರಡನೆಯವನ ಮೇಲೆ ಇರಬೇಕೋ ಬೇಡವೋ, ಇದನ್ನೇ ವರ್ಷಗಟ್ಟಲೆ ತಿದ್ದುವುದು. ನನ್ನ ಮಗಳು ಭರತನಾಟ್ಯದ ಕ್ಲಾಸಿನಲ್ಲಿ ಎರಡು ವರ್ಷ ತಟ್ಟಡವು ಎಂಬ ಮೊದಲ ಹೆಜ್ಜೆ ಪಾಠ ಬಿಟ್ಟು ಮುಂದಕ್ಕೆ ಹೋಗಲಿಲ್ಲವೆಂದು ನಾನು ಗೊಣಗಿದ್ದೆ, ಈಗ ಗೊಣಗುವುದಿಲ್ಲ. ಕಾಲಿನ ಪಾಠ ಮುಗಿದರೆ ಕತ್ತಲ ಕೋಣೆಯಲ್ಲಿ ಎದುರಾಳಿಗಳ ಹಳೆಯ ಆಟದ ವಿಡಿಯೊ, ತಿರುಗಿಸಿ ತಿರುಗಿಸಿ. ಆಟದ ದಿನ ಎರಡು ಪಟ್ಟುಗಳ, ಅಂದರೆ ಒಂದು ಸಲದ ಆಟಕ್ಕೂ ಮುಂದಿನದಕ್ಕೂ, ನಡುವೆ 40 ಸೆಕೆಂಡಿನ ಗಡಿಯಾರ ಓಡುತ್ತದೆ. ಅದರಲ್ಲಿ 15 ಸೆಕೆಂಡ್ ಉಳಿದಾಗ ಕೋಚ್ ಮಾತು ಕೇಳಿಸುವ, ಆಟಗಾರನ ಹೆಲ್ಮೆಟ್ಟಿನೊಳಗಿನ ರೇಡಿಯೊ ತಾನಾಗಿ ಬಂದ್ ಆಗುತ್ತದೆ, ನಿಯಮವೇ ಹಾಗೆ. ಆಮೇಲೆ ಹುಡುಗ ಒಬ್ಬನೇ. ಆ 15 ಸೆಕೆಂಡಿಗಾಗಿ ಮಾಡುವ ಪಾಠ ಇದು.

ಕ್ಲೆಮೆಂಟ್ಸ್ ಇಲ್ಲಿಗೆ ಬಂದ ದಾರಿ ನೋಡಿ. ನೋಟ್ರ ಡೇಮ್ ಕಾಲೇಜಿನ ತಂಡ 1973ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ ಕ್ವಾರ್ಟರ್‌ಬ್ಯಾಕ್ ಇವರೇ. ಆಮೇಲೆ ಕೆನಡಾದಲ್ಲಿ ಹತ್ತಾರು ವರ್ಷ ಆಡಿ, 1976ರಲ್ಲಿ ಒಟ್ಟಾವಾಕ್ಕೂ 1984ರಲ್ಲಿ ವಿನ್ನಿಪೆಗ್‌ಗೂ ಅಲ್ಲಿನ ಚಾಂಪಿಯನ್ನರಿಗೆ ಸಿಗುವ ಗ್ರೇ ಕಪ್ ಗೆದ್ದುಕೊಟ್ಟರು. ಆಡುತ್ತಲೇ ಕಾನೂನು ಓದಿ, ಆಟ ಬಿಟ್ಟ ಮೇಲೆ ಷಿಕಾಗೋದಲ್ಲಿ ಕೆಲ ವರ್ಷ ವಕೀಲಿಕೆ ಮಾಡಿದರು. 1992ರಲ್ಲಿ ಅದನ್ನು ಬಿಟ್ಟು ಓದಿದ ಕಾಲೇಜಿಗೇ ಹೋಗಿ ಹುಡುಗರ ಕಾಲು ತಿದ್ದಲು ನಿಂತರು. ಅಲ್ಲಿಂದ ನ್ಯೂ ಆರ್ಲಿಯನ್ಸ್, ಕಾನ್ಸಾಸ್ ಸಿಟಿ, ಪಿಟ್ಸ್‌ಬರ್ಗ್, ಬಫಲೋ. 2006ರಲ್ಲಿ ಗ್ರೀನ್ ಬೇಗೆ ಬಂದಾಗ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಬ್ರೆಟ್ ಫಾವ್ರ್ ಎಂಬ ದೊಡ್ಡ ಮರ, ಅದರ ನೆರಳಿನಲ್ಲಿ ಆರನ್ ರಾಜರ್ಸ್ ಎಂಬ ಹುಡುಗ. ಚೆಂಡನ್ನು ಕಿವಿಯ ಹತ್ತಿರ ಎತ್ತಿ ಹಿಡಿಯುವುದು ಅವನು ಕಾಲೇಜಿನಿಂದ ತಂದ ಅಭ್ಯಾಸ. ಗ್ರೀನ್ ಬೇಯಲ್ಲಿ ಅದು ಕೆಳಗಿಳಿಯಿತು. ಮೂರು ವರ್ಷ ಪಕ್ಕದಲ್ಲಿ ನಿಂತು ಕಲಿತ ಹುಡುಗ 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಎಂಬ ಫೈನಲ್ ಗೆದ್ದ.

ನನಗೆ ಮುಖ್ಯವಾದದ್ದು ಇನ್ನು ಮುಂದಿನ ಕತೆ. ಕ್ಲೆಮೆಂಟ್ಸ್‌ಗೆ ಬಡ್ತಿ ಬಂತು. 2012ರಲ್ಲಿ ಆಕ್ರಮಣ ವಿಭಾಗಕ್ಕೆಲ್ಲ ಮುಖ್ಯಸ್ಥರಾದರು, 2015ರಲ್ಲಿ ಮುಖ್ಯ ಕೋಚ್‌ನ ಸಹವರ್ತಿಯಾಗಿ ಯಾವ ಪಟ್ಟು ಆಡಬೇಕೆಂದು ಪ್ರತಿ ಸಲ ಹೇಳುವ ಅಧಿಕಾರ ಸಿಕ್ಕಿತು. ಆ ಡಿಸೆಂಬರಿನಲ್ಲೇ ಅಧಿಕಾರ ವಾಪಸ್ ಹೋಯಿತು. ಮುಂದೆ ಗ್ರೀನ್ ಬೇ ಬಿಟ್ಟರು, ಅರಿಜೋನಾದಲ್ಲಿ ಎರಡು ವರ್ಷ ಇದ್ದು ಮನೆ ಸೇರಿದರು. 2022ರಲ್ಲಿ ರಾಜರ್ಸ್‌ಗೆ ಹಳೆಯ ಮೇಷ್ಟ್ರೇ ಬೇಕಾಯಿತು. 68ನೇ ವಯಸ್ಸಿನಲ್ಲಿ ಅವರು ಬಂದರು, 2006ರಲ್ಲಿ ಕೂತಿದ್ದ ಅದೇ ಕುರ್ಚಿಗೆ, ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿ. ಮರುವರ್ಷ ರಾಜರ್ಸ್ ನ್ಯೂಯಾರ್ಕ್‌ಗೆ ಹೊರಟುಹೋದ. ಕರೆಸಿಕೊಂಡವನೇ ಹೋದರೂ ಮುದುಕರು ಹೋಗಲಿಲ್ಲ. ಇನ್ನೊಬ್ಬ ಹುಡುಗ, ಜೋರ್ಡನ್ ಲವ್, ಅವನೂ ಮೂರು ವರ್ಷ ಪಕ್ಕದಲ್ಲಿ ನಿಂತು ಕಾದವನು, ಅವನ ಕಾಲು ತಿದ್ದುತ್ತ ಕೂತರು. ಆ ಸೀಸನ್ನಿನಲ್ಲಿ ಲವ್ ಎಸೆದ ಟಚ್‌ಡೌನ್, ಅಂದರೆ ಈ ಆಟದ ಗೋಲು, 32.

ಇದನ್ನು ನಮ್ಮ ಕಡೆ ಏನೆಂದು ಕರೆಯುತ್ತಾರೆ? ಹಿಂಬಡ್ತಿ. "ಪಾಪ, ಮೇಲಿದ್ದವರು, ಏನು ಎಡವಟ್ಟಾಯ್ತೋ" ಅಂತ ಮದುವೆ ಮನೆಯಲ್ಲಿ ಪಿಸುಗುಟ್ಟುತ್ತಿದ್ದರು. ಇಲ್ಲಿ ನನ್ನ ಪಕ್ಕದ ಮನೆಯವನು, ಹಿಮ ಎತ್ತಿ ಹಾಕುವಾಗ ಆಟ ಬಿಟ್ಟು ಬೇರೆ ಮಾತೇ ಆಡದವನು, "ಬಂದರಲ್ಲ, ಸದ್ಯ!" ಎಂದಿದ್ದ. ಅಷ್ಟೇ. ಮೇಲಿಂದ ಬಂದರೋ ಕೆಳಗಿಂದ ಬಂದರೋ ಅವನಿಗೆ ಲೆಕ್ಕವೇ ಇರಲಿಲ್ಲ.

ನನಗೆ ನಮ್ಮ ಗಣಿತದ ಮೇಷ್ಟ್ರು ನೆನಪಾದರು. ಹೈಸ್ಕೂಲಿನಲ್ಲಿ ಪ್ರಮೇಯಗಳನ್ನು ಅವರು ಕತೆಯ ಹಾಗೆ ಹೇಳುತ್ತಿದ್ದರು. 'ಸಾಧಿಸಬೇಕಾಗಿರುವುದು' ಎಂದು ಬರೆದು, ಸೀಮೆಸುಣ್ಣ ಕೆಳಗಿಟ್ಟು, ನಮ್ಮ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು. ವರ್ಷದ ನಡುವೆ ಹೆಡ್‌ಮಾಸ್ಟರ್ ಆದರು. ಹಾರ ಹಾಕಿದೆವು, ಖಾರಾ-ಬೂಂದಿ ಹಂಚಿದರು. ಆಮೇಲೆ ಅವರು ಕಂಡದ್ದು ಗಾಜು ಹಾಸಿದ ಮೇಜಿನ ಹಿಂದೆ, ರಿಜಿಸ್ಟರಿಗೆ ಸಹಿ ಹಾಕುತ್ತ, ಕಟ್ಟಡದ ಕಂತ್ರಾಟುದಾರನ ಹತ್ತಿರ ಮರಳಿನ ಲೆಕ್ಕ ಕೇಳುತ್ತ. ನಮ್ಮ ಕ್ಲಾಸಿಗೆ ಬಂದವರು ಗೈಡ್ ನೋಡಿ ಬೋರ್ಡಿನ ಮೇಲೆ ಬರೆದರು. ಒಂದು ಹಾರಕ್ಕೆ ಒಬ್ಬ ಮೇಷ್ಟ್ರನ್ನು ಕೊಟ್ಟುಬಿಟ್ಟೆವು. ನಮ್ಮಲ್ಲಿ ಚೆನ್ನಾಗಿ ಮಾಡುವವನನ್ನು ಗೌರವಿಸುವುದೆಂದರೆ ಅವನನ್ನು ಆ ಕೆಲಸದಿಂದ ಬಿಡಿಸುವುದು. ಅಡುಗೆ ಭಟ್ಟರೂ ಹೆಸರಾದ ಮೇಲೆ ಸೌಟು ಮುಟ್ಟುವುದಿಲ್ಲ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ. ಆಮೇಲೆ ಸಾರು ಮೊದಲಿನ ಹಾಗಿಲ್ಲ ಅನ್ನುತ್ತೇವೆ.

ಹೀಗೆಲ್ಲ ಹೆಂಡತಿಯ ಹತ್ತಿರ ಭಾಷಣ ಮಾಡಿದೆ. ಅವಳು ಚಪಾತಿ ಲಟ್ಟಿಸುತ್ತಲೇ, "ದ್ರಾವಿಡ್ ಯಾವ ಊರಿನವರು?" ಎಂದಳು. ನಿಜ. ಅಷ್ಟು ದೊಡ್ಡ ಆಟಗಾರ 2015ರಲ್ಲಿ ಅಂಡರ್-19 ಹುಡುಗರ ಜತೆ ನೆಟ್ಸ್‌ನಲ್ಲಿ ನಿಂತರು, 2018ರಲ್ಲಿ ಆ ಹುಡುಗರು ವಿಶ್ವಕಪ್ ತಂದರು. ಆದರೆ ಅವರನ್ನೂ "ದೊಡ್ಡ ಟೀಮಿಗೆ ಯಾವಾಗ?" ಎಂದು ಕೇಳಿ ಕೇಳಿಯೇ ನಾವು ಸುಸ್ತಾಗಿಸಿದೆವಲ್ಲ ಎಂದೆ. ಅವಳು ತವೆಯ ಕಡೆ ತಿರುಗಿದಳು.

ಒಪ್ಪಬೇಕಾದದ್ದು ಇನ್ನೂ ಇದೆ. ಕ್ಲೆಮೆಂಟ್ಸ್ ಕೂತ ಅದೇ ಗ್ರೀನ್ ಬೇ ಕುರ್ಚಿಯಲ್ಲಿ ಹಿಂದೆ ಆಂಡಿ ರೀಡ್ ಕೂತಿದ್ದರು, 1999ರಲ್ಲಿ ಫಿಲಡೆಲ್ಫಿಯಾದ ಮುಖ್ಯ ಕೋಚ್ ಆಗಿ ಹಾರಿದರು. ಇಲ್ಲಿಯೂ ಬಹಳಷ್ಟು ಜನಕ್ಕೆ ಅದು ಮೆಟ್ಟಿಲೇ. ಎರಡು ವರ್ಷ ಸೋತರೆ ಕೋಚ್‌ಗಳ ಇಡೀ ಗುಂಪೇ ಗಂಟುಮೂಟೆ ಕಟ್ಟಬೇಕು, ಮಕ್ಕಳ ಶಾಲೆ ಪ್ರತಿ ಸಲ ಹೊಸದು. ನಮ್ಮ ಮೇಷ್ಟ್ರಿಗೆ ಆ ಭಯ ಇರಲಿಲ್ಲ. ಅವರಿಗೆ ಆಗ ಮಗಳ ಮದುವೆ ಎದುರಿಗಿತ್ತಂತೆ, ಬಡ್ತಿ ಬೇಡ ಅಂದಿದ್ದರೆ ಮುಂದೆ ಬರುವ ಪಿಂಚಣಿಗೂ ಪೆಟ್ಟು. ಇದು ನನಗೆ ಗೊತ್ತಾದದ್ದು ಮೊನ್ನೆ, ಗೃಹಪ್ರವೇಶದಲ್ಲೇ, ಕೈ ತೊಳೆಯುವ ನಲ್ಲಿಯ ಹತ್ತಿರ.

ಚಿಕ್ಕಪ್ಪನಿಗೆ ಹೋದ ಭಾನುವಾರ ಫೋನ್ ಮಾಡಿದಾಗ ಕ್ಲೆಮೆಂಟ್ಸ್ ಕತೆ ಪೂರ್ತಿ ಹೇಳಿದೆ. ಕೆನಡಾ, ಗ್ರೇ ಕಪ್, ಕಾಲು ತಿದ್ದುವುದು, 68ಕ್ಕೆ ಮತ್ತೆ ಅದೇ ಕುರ್ಚಿ. ಹೂಂ ಹೂಂ ಎನ್ನುತ್ತ ಗಮನವಿಟ್ಟು ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಪ್ಪಿದರು ಅಂದುಕೊಂಡೆ.

"ಎಲ್ಲಾ ಸರಿನಪ್ಪ," ಎಂದರು, "ಲಾಯರಿಕೆ ಯಾಕೆ ಬಿಟ್ಟನಂತೆ?"